ಹೊಳೆಮರಳಿನಲ್ಲಿ ಕೆಂಚ

ಬೊಗಳಿದ್ದರೆ ಎಷ್ಟೋ ಸಲೀಸಾಗುತ್ತಿತ್ತು ಎಂದು ಯಶೋದಾಗೆ ದಾರಿಯುದ್ದಕ್ಕೂ ಅನ್ನಿಸುತ್ತಲೇ ಇತ್ತು. ಬೆಳಿಗ್ಗೆ ಆರಕ್ಕೆ ಹಿತ್ತಲ ಬಾಗಿಲು ತೆಗೆದು, ನೆಲಕ್ಕೊರಗಿದ ಬಾಳೆಗಿಡಗಳನ್ನು ದಾಟಿಕೊಂಡು ಕೊಟ್ಟಿಗೆಯ ಹತ್ತಿರ ಹೋದಾಗ ಕೆಂಚ ಬೊಗಳಲಿಲ್ಲ, ಗುರುಗುಟ್ಟಲೂ ಇಲ್ಲ. ಹಸು ಮಾರಿದ ಮೇಲೆ ಖಾಲಿ ಬಿದ್ದಿದ್ದ ಕೊಟ್ಟಿಗೆಯ ತಗಡಿನ ಸೂರು ಅರ್ಧ ಹಾರಿಹೋಗಿ ಪಕ್ಕದವರ ಬೇಲಿಯ ಮೇಲೆ ಬಿದ್ದಿತ್ತು. ಇನ್ನರ್ಧ ಒಂದೇ ಮೊಳೆಗೆ ನೇತಾಡುತ್ತಿತ್ತು. ನಾಯಿಯ ಸರಪಳಿ ಕಂಬಕ್ಕೆ ಸುತ್ತಿ ಸುತ್ತಿ ಕೊನೆಗೆ ಗೇಣುದ್ದ ಮಾತ್ರ ಉಳಿದಿತ್ತು. ಆ ಗೇಣುದ್ದದಲ್ಲಿ ಮಲಗಲೂ ಆಗದೆ ನಿಲ್ಲಲೂ ಆಗದೆ, ಕೆಸರುನೀರಿನಲ್ಲಿ ಕತ್ತು ಓರೆ ಮಾಡಿಕೊಂಡು ಕೂತಿದ್ದ ನಾಯಿ ಅವಳನ್ನು ಕಂಡು ಬಾಲ ಆಡಿಸಿತು. ಬಾಲ ನೀರಿಗೆ ಬಡಿದು ಪಚಪಚ ಸದ್ದಾಯಿತು. ಅದನ್ನು ನೋಡಲಾರದೆ ಅವಳು ಬೇಕೆಂದೇ ಸೂರಿನ ಕಡೆ ನೋಡಿದಳು. ಸೂರಿಗೆ ಎಷ್ಟು ತಗಡು ಬೇಕಾಗಬಹುದು ಎಂದು ಯೋಚಿಸುವವಳಂತೆ, ನೋಡುವವರು ಯಾರೂ ಇಲ್ಲದಿದ್ದರೂ, ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು.

ಈಗ ಅದೇ ಸರಪಳಿಯ ತುದಿಯನ್ನು ಎರಡು ಸುತ್ತು ಕೈಗೆ ಸುತ್ತಿಕೊಂಡು ಅವಳು ಹೊಳೆಯ ಕಡೆ ನಡೆದಿದ್ದಳು. ಮುಳ್ಳೂರಿಗೆ ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷವಾಗಿದ್ದರೂ ಈ ಹೊತ್ತಿನಲ್ಲಿ ಈ ದಾರಿಯಲ್ಲಿ ಅವಳು ನಡೆದದ್ದಿಲ್ಲ. ಈ ಹೊತ್ತಿಗೆ ಅವಳು ಯಾವಾಗಲೂ ಅಡುಗೆಮನೆಯಲ್ಲಿರುತ್ತಿದ್ದಳು, ಒಂದು ಕಣ್ಣು ಗಡಿಯಾರದ ಮೇಲೆ, ಏಳೂಮುಕ್ಕಾಲಿನ ಬಸ್ಸು ಹಿಡಿದು ಕೊಳ್ಳೇಗಾಲಕ್ಕೆ, ಅಲ್ಲಿಂದ ಯಳಂದೂರಿನ ಸ್ಕೂಲಿಗೆ, ಪಾಠ ಹೇಳಲು. ಈಗ ಬೇಸಿಗೆ ರಜೆ. ಅದೇ ಹೊತ್ತಿಗೆ ಅತ್ತೆ ದೊಡ್ಡಬಸಮ್ಮ ನಾಯಿಯನ್ನು ಹೊರಡಿಸಿಕೊಂಡು ಹೊಳೆಗೆ ಹೋಗಿಬಿಡುತ್ತಿದ್ದಳು. ಮನೆಯಲ್ಲಿ ಕೆಲಸ ಕುತ್ತಿಗೆಗೆ ಬಂದಿರುವಾಗಲೇ ಈಕೆಗೆ ತಿರುಗಾಟ ಎಂದು ಯಶೋದಾ ಎಷ್ಟೋ ಬೆಳಿಗ್ಗೆ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ಇಟ್ಟಿದ್ದಾಳೆ. ಬಾಯಲ್ಲಿ ಮಾತ್ರ ಒಂದು ದಿನವೂ ಅಂದವಳಲ್ಲ. ಅತ್ತೆ ಸೊಸೆ ಜಗಳವಾಡದ ಮನೆ ಎಂದು ಊರಿನಲ್ಲಿ ಹೆಸರಿತ್ತು. ಎರಡು ತಿಂಗಳ ಹಿಂದೆ ಅತ್ತೆ ಬಿದ್ದು ಸೊಂಟದ ಮೂಳೆ ಮುರಿದು, ಮೈಸೂರಿನಲ್ಲಿ ಆಪರೇಶನ್ ಆಗಿ ಮಂಚ ಹಿಡಿದ ಮೇಲೆ ಆ ಹೆಸರು ಇನ್ನೂ ದೊಡ್ಡದಾಗಿತ್ತು. ನೋಡಲು ಬಂದವರೆಲ್ಲ, ಹೆತ್ತ ಮಗಳೂ ಹಿಂಗೆ ಮಾಡಲ್ಲ ಕಣವ್ವ, ಎಂದು ಹೇಳಿ ಹೋಗುತ್ತಿದ್ದರು. ಹೊತ್ತಿಗೆ ಸರಿಯಾಗಿ ಮಾತ್ರೆ, ಹೊತ್ತಿಗೆ ಸರಿಯಾಗಿ ಗಂಜಿ, ಮೈ ಒರೆಸುವುದು, ಸೀರೆ ಬದಲಿಸುವುದು. ಪರೀಕ್ಷೆ ಬರೆಯುವ ಹುಡುಗಿಯ ಹಾಗೆ ಒಂದು ಪ್ರಶ್ನೆಯನ್ನೂ ಬಿಡದೆ ಅವಳು ಎಲ್ಲವನ್ನೂ ಮಾಡುತ್ತಿದ್ದಳು. ಹೊಗಳಿದವರು ಹೋದ ಮೇಲೆ ಮಾತ್ರ ಅವಳಿಗೆ ಯಾರದೋ ಸೀರೆ ಉಟ್ಟುಕೊಂಡು ಮದುವೆಗೆ ಹೋದಂಥ ಸಂಕಟವಾಗುತ್ತಿತ್ತು. ಪ್ರೀತಿಯಿಂದ ಮಾಡುತ್ತಿದ್ದೇನೋ, ಹೆಸರು ಕೆಡಬಾರದೆಂದು ಮಾಡುತ್ತಿದ್ದೇನೋ, ಅವಳಿಗೇ ಗೊತ್ತಿರಲಿಲ್ಲ.

ದಾರಿಯ ಎರಡೂ ಬದಿ ಬಾಳೆ ಮಲಗಿತ್ತು. ತೆಂಗಿನ ಗರಿಗಳು, ಯಾರದೋ ಮನೆಯ ಪ್ಲಾಸ್ಟಿಕ್ ಕುರ್ಚಿ, ಒಂಟಿ ಚಪ್ಪಲಿ, ಹಲಸಿನ ಎಳೆಕಾಯಿಗಳು. ಸಣ್ಣದೊಂದು ಕರೆಂಟು ಕಂಬ ನಮಸ್ಕಾರ ಮಾಡುವಂತೆ ಬಾಗಿ ನಿಂತಿತ್ತು. ಕಂಬ ಕಂಡು ಗಂಡನ ನೆನಪಾಯಿತು. ಕುಮಾರಸ್ವಾಮಿಗೆ ಹನೂರಿನ ಕರೆಂಟ್ ಆಫೀಸಿನಲ್ಲಿ ಕೆಲಸ. ಮೊನ್ನೆಯೇ ಮಾರ್ಟಳ್ಳಿ ಕಡೆ ಗಾಳಿ ಬೀಸಿ ಕಂಬಗಳು ಉರುಳಿದವೆಂದು ನಿನ್ನೆ ಮಧ್ಯಾಹ್ನ ಕರೆ ಬಂದು ಹೊರಟುಹೋಗಿದ್ದ. ಅತ್ತೆ ಮಂಚ ಹಿಡಿದ ಮೇಲೆ ನಾಯಿಯ ಜವಾಬ್ದಾರಿ ಅವನದಾಗಿತ್ತು. ಬೈಕು ಹತ್ತುವಾಗ, "ಸಾಯಂಕಾಲ ಕೆಂಚನ್ನ ಬಿಚ್ಚಿಬುಡು. ತಾನೇ ಬಂದು ಹಿತ್ತಲ ಜಗುಲೀಲಿ ಮಲೀಕತದೆ. ನೀನು ಮುಟ್ಟದೇನೂ ಬ್ಯಾಡ, ಕೊಂಡಿ ತೆಗೆದ್ರೆ ಸಾಕು" ಎಂದಿದ್ದ. ಮುಟ್ಟದೇನೂ ಬ್ಯಾಡ ಎಂದು ನಗುತ್ತ ಹೇಳಿದ್ದ. ಆ ನಗು ಅವಳಿಗೆ ಹಿಡಿಸಿರಲಿಲ್ಲ. ಎಂಟು ವರ್ಷದವಳಿದ್ದಾಗ ಯಳಂದೂರಿನ ಓಣಿಯಲ್ಲಿ ನಾಯಿ ಮೀನಖಂಡಕ್ಕೆ ಬಾಯಿ ಹಾಕಿ, ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಹಾಕಿಸಿಕೊಂಡವಳು ಅವಳು. ದಿನಾ ಅಪ್ಪನ ಸೈಕಲ್ಲಿನ ಹಿಂದೆ ಕೂತು ಆಸ್ಪತ್ರೆಗೆ ಹೋಗುವಾಗ ಹುಡುಗಿಯರು, ಅವಳ ಹತ್ರ ಹೋಗಬೇಡಿ, ಅವಳೂ ಕಚ್ಚುತಾಳೆ, ಎಂದು ಕೂಗುತ್ತಿದ್ದರು. ಒಂದು ತಿಂಗಳು ಬೆಂಚಿನಲ್ಲಿ ಅವಳ ಪಕ್ಕ ಯಾರೂ ಕೂರಲಿಲ್ಲ. ನೋವು ಮರೆತುಹೋಗಿದೆ, ಆ ಖಾಲಿ ಬೆಂಚು ಮರೆತಿಲ್ಲ. ಈಗ ಕೈಯಲ್ಲಿ ಸರಪಳಿ ಬಿಗಿಯಾದಾಗಲೆಲ್ಲ ಹೊಕ್ಕುಳಿನ ಸುತ್ತ ಚರ್ಮ ಒಂದಿಷ್ಟು ಒಳಕ್ಕೆ ಎಳೆದುಕೊಂಡ ಹಾಗಾಗುತ್ತಿತ್ತು.

ನಿನ್ನೆ ಸಾಯಂಕಾಲ ಬಿಚ್ಚಬೇಕಾದ ಹೊತ್ತಿಗೆ ಅವಳು ಬಿಚ್ಚಲಿಲ್ಲ. ಕಾಫಿ ಕುಡಿದು ಹೋಗೋಣ ಅಂದುಕೊಂಡಳು. ಬಟ್ಟೆ ಎತ್ತಿಟ್ಟು ಹೋಗೋಣ ಅಂದುಕೊಂಡಳು. ಆರೂವರೆಗೆ ಆಕಾಶ ಕಪ್ಪಿಟ್ಟು, ದೂಳು ಎದ್ದು, ಕಿಟಕಿಗಳು ಪಟಪಟ ಹೊಡೆದುಕೊಂಡು, ಒಂದೇ ಏಟಿಗೆ ಕರೆಂಟು ಹೋಯಿತು. ಆಲಿಕಲ್ಲು ಹಂಚಿನ ಮೇಲೆ ಯಾರೋ ಗೋಣಿಚೀಲ ಸುರಿದಂತೆ ಬಿತ್ತು. ಆಗ ನಾಯಿಯ ನೆನಪು ಬಂತು. ಬಂತು ಎನ್ನುವುದೂ ಸುಳ್ಳು, ಅದು ಹೋಗಿಯೇ ಇರಲಿಲ್ಲ. ಮೇಣದಬತ್ತಿ ಹಚ್ಚಿ ಹಿತ್ತಲ ಬಾಗಿಲಿನ ಚಿಲಕದ ಮೇಲೆ ಕೈ ಇಟ್ಟಳು. ಆಚೆ ತೆಂಗಿನ ಮರಗಳು ನರಳುತ್ತಿದ್ದವು. ಹೆದರಿದ ನಾಯಿ, ಕತ್ತಲು, ಅದರ ಕತ್ತಿನ ಹತ್ತಿರ ತನ್ನ ಕೈ. ಚಿಲಕ ತಣ್ಣಗಿತ್ತು. ಕೈ ತೆಗೆದಳು. ಅಷ್ಟರಲ್ಲಿ ಕೋಣೆಯಿಂದ ಅತ್ತೆಯ ದನಿ, "ಯಶೋದ, ಕೆಂಚ ಒಳೀಕ್ ಬಂತಾ?"

"ಬಂತು ಅತ್ತೆ. ಜಗಲಿಯಲ್ಲಿ ಮಲಗಿದೆ."

ಎಷ್ಟು ಸಹಜವಾಗಿ ಬಂದಿತ್ತು ಆ ಮಾತು! ಮಲಗಿದೆ ಅನ್ನುವುದನ್ನು ಸೇರಿಸುವ ಅಗತ್ಯವೇ ಇರಲಿಲ್ಲ. ತಪ್ಪು ಉತ್ತರವನ್ನು ಅಂದವಾದ ಅಕ್ಷರದಲ್ಲಿ ಬರೆಯುವ ಮಕ್ಕಳನ್ನು ಅವಳು ಎಷ್ಟು ನೋಡಿಲ್ಲ! ಅತ್ತೆ, "ಸರಿ ಬುಡು" ಎಂದು ಸುಮ್ಮನಾಗಿದ್ದಳು. ಎಂಟೂವರೆಯ ಹೊತ್ತಿಗೆ ಗಾಳಿ ನಿಂತಿತು. ಆಗಲಾದರೂ ಹೋಗಬಹುದಿತ್ತು. ಆದರೆ ಆಗ ಹೋದರೆ ಹೇಳಿದ್ದು ಸುಳ್ಳೆಂದು ತಿಳಿಯುತ್ತದೆ, ಅತ್ತೆಯ ಮಂಚ ಇರುವುದೇ ಹಿತ್ತಲ ಕಿಟಕಿಯ ಪಕ್ಕದಲ್ಲಿ. ಒಂದು ಸುಳ್ಳು ಉಳಿಸಿಕೊಳ್ಳಲು ಒಂದು ಜೀವವನ್ನು ಮಳೆಯಲ್ಲಿ ಬಿಟ್ಟು ಅವಳು ಹೊದ್ದು ಮಲಗಿದ್ದಳು. ನಿದ್ದೆಯೂ ಬಂದಿತ್ತು. ಅದೇ ಈಗ ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತಿದ್ದದ್ದು.

ಮುಂಜಾನೆ ಅತ್ತೆಗೆ ಬಿಸಿನೀರು ಕೊಡಲು ಹೋದಾಗ ದೊಡ್ಡಬಸಮ್ಮ ಅವಳ ಮುಖ ನೋಡದೆ, "ಕೆಂಚನ್ನ ಒಂದ್ ಗಳಿಗೆ ಹೊಳೆತಾವ್ ಕರ್ಕೊಂಡ್ ಓಗ್ಬುಟ್ಟು ಬಾರವ್ವ. ಅಂಗಳದಲ್ಲಿ ಅದು ಗಲೀಜು ಮಾಡಲ್ಲ, ತಡ್ಕೊಂಡಿರ್ತದೆ" ಅಂದಿದ್ದಳು. ಆಮೇಲೆ ಮೆಲ್ಲಗೆ, "ಭಯ ಆದ್ರೆ ಬ್ಯಾಡ" ಎಂದೂ ಸೇರಿಸಿದ್ದಳು.

ಏರಿ ಹತ್ತಿ ಇಳಿದರೆ ಕಾವೇರಿ. ಬೇಸಿಗೆಯಲ್ಲಿ ಹೊಳೆ ಆಚೆ ದಡಕ್ಕೆ ಸರಿದು, ಈಚೆ ಉದ್ದಕ್ಕೂ ಮರಳು ಹರಡಿಕೊಂಡಿರುತ್ತದೆ. ರಾತ್ರಿಯ ಮಳೆಗೆ ಮರಳು ಗಟ್ಟಿಯಾಗಿ, ತೋಯ್ದ ಬೆಲ್ಲದ ಬಣ್ಣಕ್ಕೆ ತಿರುಗಿ, ಯಾರ ಹೆಜ್ಜೆಯೂ ಇಲ್ಲದೆ ಬಿದ್ದಿತ್ತು. ನೀರು ಕೆಂಪಾಗಿತ್ತು. ಕೊಂಬೆಗಳು, ಸೋಗೆ, ಗೀಜಗನ ಗೂಡುಗಳು ತೇಲುತ್ತಿದ್ದವು. ಕೊಕ್ಕರೆಗಳು ಏನೂ ಆಗಿಲ್ಲವೆಂಬಂತೆ ಸಾಲಾಗಿ ನಿಂತಿದ್ದವು. ಆಕಾಶ ಮಾತ್ರ ಅಷ್ಟು ತೊಳೆದಂತಿತ್ತು, ಅದನ್ನು ನೋಡಿದರೆ ನಿನ್ನೆಯದೆಲ್ಲ ಯಾರೋ ಕಟ್ಟಿ ಹೇಳಿದ್ದು ಅನ್ನಿಸಬೇಕು. ಕೆಂಚ ಮರಳಿಗೆ ಕಾಲಿಟ್ಟದ್ದೇ ಮೈಯನ್ನು ಮೂತಿಯಿಂದ ಬಾಲದ ತನಕ ಒಂದು ಸಲ ಕೊಡವಿತು. ಕೆಸರು ಅವಳ ಸೀರೆಗೆ ಸಿಡಿಯಿತು. ಆಮೇಲೆ ಮೂಸಿತು, ಅಲ್ಲಲ್ಲಿ ಕಾಲೆತ್ತಿತು, ಉದ್ದಕ್ಕೆ, ಬಹಳ ಉದ್ದಕ್ಕೆ. ರಾತ್ರಿಯೆಲ್ಲ ಅಷ್ಟೊಂದನ್ನು ತಡೆದುಕೊಂಡಿತ್ತೇ ಎಂದು ನಾಚಿಕೆಯಾಗಿ ಅವಳು ಬೇರೆ ಕಡೆ ನೋಡಿದಳು. ಆರು ವರ್ಷದ ಹಿಂದೆ ಹೊಳೆ ಊರೊಳಗೆ ನುಗ್ಗಿದಾಗ ಸ್ಕೂಲಿನಲ್ಲಿ ನಡೆಸಿದ ಗಂಜಿ ಕೇಂದ್ರಕ್ಕೆ ಈ ನಾಯಿ ಅಂಗೈಯಷ್ಟಗಲದ ಮರಿಯಾಗಿ ಬಂದಿತ್ತು. ಅತ್ತೆ ತನ್ನ ಪಾಲಿನ ಅನ್ನ ಕಲಸಿ ತಿನ್ನಿಸಿ, ಮನೆಗೆ ಹೊರಡುವಾಗ ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ತಂದಿದ್ದಳು. ಸೆರಗು ಅಲುಗಿದ್ದು ನೋಡಿ ಯಶೋದಾ, ಅದು ಮನೆಯೊಳಗೆ ಬರುವುದಾದರೆ ನಾನು ತೌರಿಗೆ ಹೋಗುತ್ತೇನೆ, ಎಂದಿದ್ದಳು. ಅವಳು ಆ ಮನೆಯಲ್ಲಿ ದನಿ ಎತ್ತಿದ್ದು ಅದೊಂದೇ ಸಲ. ಅಂದಿನಿಂದ ನಾಯಿ ಹೊಸಿಲು ದಾಟಿರಲಿಲ್ಲ.

ಇದ್ದಕ್ಕಿದ್ದ ಹಾಗೆ ಸರಪಳಿ ಜಗ್ಗಿತು. ಕೆಂಚ ಕಿವಿ ನಿಮಿರಿಸಿ ಮರಳಿನ ಆ ತುದಿಯ ಕಡೆ ನೋಡುತ್ತಿತ್ತು. ಅವಳು ಹಿಂದಕ್ಕೆಳೆದಳು, ಅದು ಮುಂದಕ್ಕೆಳೆಯಿತು. ಕೈಗೆ ಸುತ್ತಿದ ಕೊಂಡಿಗಳು ಬೆರಳು ಕಚ್ಚಿದವು. ಹೆದರಿ ಕೈ ಸಡಿಲಿಸಿದಳು. ಸರಪಳಿ ಮರಳಿನ ಮೇಲೆ ಗೆರೆ ಎಳೆಯುತ್ತ ನಾಯಿಯ ಹಿಂದೆ ಓಡಿಹೋಯಿತು. ನೋಡನೋಡುತ್ತ ಅದು ಚಿಕ್ಕದೊಂದು ಕಂದು ಚುಕ್ಕೆಯಾಗಿ, ನಡುವೆ ಹರಿಯುತ್ತಿದ್ದ ಸಣ್ಣ ಕವಲು ದಾಟಿ, ಆಚೆಯ ದಿಬ್ಬದ ಜೊಂಡಿನ ಹಿಂದೆ ಕಾಣದಾಯಿತು.

ಮೊದಲು ಅವಳಿಗೆ ಹಗುರವಾಯಿತು. ಅದು ಓಡಿಹೋಯಿತು, ನಾನೇನು ಮಾಡಲಿ ಎಂದು ಹೇಳಬಹುದು. ಮಳೆಯಲ್ಲಿ ನೆನೆದ ನಾಯಿ, ಕತ್ತಿನ ಗಾಯ, ಎಲ್ಲ ಅದರ ಜೊತೆಗೇ ಹೋಗುತ್ತದೆ. ಅರೆಗಳಿಗೆಯೂ ಇರಲಿಲ್ಲ ಆ ಯೋಚನೆ. ಆದರೆ ತನ್ನೊಳಗೆ ಅದು ಎಷ್ಟು ತಯಾರಾಗಿ ಕೂತಿತ್ತು ಎಂದು ಅವಳಿಗೆ ಕಂಡಿತು. ಮರುಗಳಿಗೆ ಸರಪಳಿ ಎಲ್ಲಾದರೂ ಬೇರಿಗೆ ಸಿಕ್ಕಿಕೊಂಡರೆ, ಹೊಳೆ ಏರಿದರೆ ಎಂದು ಹೊಳೆಯಿತು. ಚಪ್ಪಲಿ ಅಲ್ಲೇ ಬಿಟ್ಟು ಓಡಿದಳು. ಕರೆಯಬೇಕು ಎಂದು ಬಾಯಿ ತೆರೆದಾಗಲೇ ಅವಳಿಗೆ ತಿಳಿದದ್ದು, ಆರು ವರ್ಷದಲ್ಲಿ ತಾನು ಆ ನಾಯಿಯನ್ನು ಒಂದು ಸಲವೂ ಹೆಸರು ಹಿಡಿದು ಕರೆದಿಲ್ಲ.

"ಕೆಂಚಾ" ಎಂದಳು. ತರಗತಿಯಲ್ಲಿ ಹಾಜರಿ ಕರೆದಂತೆ ಕೇಳಿಸಿತು. ಇನ್ನೊಂದು ಸಲ ಕೂಗಿದಳು. ಕವಲಿನ ನೀರು ಮೊಣಕಾಲಿಗೆ ಬಂತು, ತಣ್ಣಗೆ, ಕಾಲಡಿಯ ಮರಳನ್ನು ಮೆಲ್ಲಗೆ ಕದಿಯುತ್ತ. ಸೀರೆ ಎತ್ತಿ ಸಿಕ್ಕಿಸಿಕೊಂಡು, ನಲವತ್ತೆಂಟು ವರ್ಷದ ಕನ್ನಡ ಮೇಡಮ್ಮು ನಡುನೀರಿನಲ್ಲಿ ನಿಂತು, "ಬಾರೋ ಕೆಂಚಾ, ಬಾರೋ ನನ್ನಪ್ಪ" ಎಂದು ಗಂಟಲು ಹರಿಯುವಂತೆ ಕೂಗಿದಳು.

"ಇಲ್ಲೇ ಅದೆ ಬನ್ನಿ ಟೀಚ್ರವ್ವ. ಎಲ್ಗೂ ಓಗಿಲ್ಲ" ಎಂದು ಜೊಂಡಿನ ಆಚೆಯಿಂದ ದನಿ ಬಂತು.

ಮೀನು ಹಿಡಿಯುವ ಹನುಮಯ್ಯ. ಗಾಳಿಗೆ ಹಾರಿದ ಅವನ ಹರಿಗೋಲು ಇಲ್ಲಿ ಬಂದು ಕವುಚಿಕೊಂಡಿತ್ತು, ಬೊಂಬಿನ ಅಂಚು ಒಂದು ಕಡೆ ಒಡೆದಿತ್ತು. ಅವನು ಕುಕ್ಕರಗಾಲಲ್ಲಿ ಕೂತು ಅದನ್ನು ತಡವಿ ನೋಡುತ್ತಿದ್ದ. ಕೆಂಚ ಅವನ ಪಕ್ಕ ದಿನಾ ಬರುವ ನೆಂಟನಂತೆ ಕೂತು ನಾಲಗೆ ಹೊರಹಾಕಿತ್ತು. ಯಶೋದಾ ಎತ್ತಿ ಕಟ್ಟಿದ ಸೀರೆಯನ್ನು ಗಡಿಬಿಡಿಯಲ್ಲಿ ಇಳಿಬಿಟ್ಟಳು.

"ಹರಿಗೋಲು ಹಾಳಾಯ್ತಾ ಹನುಮಯ್ಯ?"

"ಕಟ್ಕೋಬೌದು ಬುಡಿ. ಒಂದೆರಡು ದಿನದ ಕೆಲ್ಸ." ಅವನು ನಾಯಿಯ ಕತ್ತಿನ ಮೇಲೆ ಕೈ ಆಡಿಸಿದ. ಕೂದಲು ಉಜ್ಜಿಹೋಗಿ ಕೆಂಪಗಿದ್ದ ಗೆರೆಯ ಮೇಲೆ ಬೆರಳು ನಿಂತಿತು. "ರಾತ್ರಿ ಕಟ್ಟಾಕಿದ್ರಾ?"

ಅವಳು ಮರಳು ನೋಡಿದಳು. ಕಾಪಿ ಹೊಡೆದು ಸಿಕ್ಕಿಬಿದ್ದ ಮಕ್ಕಳು ಹೀಗೇ ತನ್ನ ಮುಂದೆ ನೆಲ ನೋಡುತ್ತ ನಿಲ್ಲುತ್ತಾರೆ. ಹನುಮಯ್ಯ ಕೈ ತೆಗೆದ. ಹರಿಗೋಲಿನ ಕಡೆ ತಿರುಗಿ, "ದೊಡ್ಡವ್ವ ಎಂಗವ್ರೆ?" ಅಂದ.

"ಪರವಾಗಿಲ್ಲ. ವಾಕರ್ ಹಿಡಿದು ನಿಲ್ಲಬೇಕು ಅಂದಿದ್ದಾರೆ ಡಾಕ್ಟ್ರು. ನಿಲ್ಲೋದಿಲ್ಲ ಅಂತಾರೆ."

"ಅವ್ರಿಲ್ದೆ ಈ ಮರ್ಳೇ ಬಣಬಣ ಅಂತದೆ. ದಿನಾ ಬಂದು ಇಲ್ಲೇ ಕೂರೋರು. ಎಂಟು ಗಂಟೆಗಂಟ ಏಳ್ತಾನೇ ಇರ್ನಿಲ್ಲ. ಚಳಿ ಆಗ್ಲಿ ಮಂಜಾಗ್ಲಿ. ನಾನೇ ಒಂದಿನ ಕೇಳ್ದೆ, ಯಾಕವ್ವ ಈ ಚಳೀಲಿ ಗದಗದ ನಡುಗ್ತಾ ಕುಂತಿದ್ದೀರಿ, ಮನೀಗೋಗಿ ಅಂತ. ಅಯ್ಯೋ ನಮ್ ಸೊಸೆ ಬಸ್ಸಿಗೋಗೋ ಗಂಟ ತಡಿ ಹನುಮಯ್ಯ, ಅವ್ಳಿಗೆ ನಾಯಿ ಕಂಡ್ರೆ ಆಗಲ್ಲ, ಗಡಿಬಿಡೀಲಿ ಅಂಗಳದಲ್ಲಿ ಓಡಾಡ್ತಾಳೆ, ಇದು ಕಾಲಿಗೆ ಸಿಕ್ರೆ ಎದರ್ಕೊತಾಳೆ ಅಂದ್ರು." ಅವನು ಒಡೆದ ಬೊಂಬನ್ನು ಬಗ್ಗಿಸಿ ನೋಡಿದ. "ನಿಮ್ಗೆ ಗೊತ್ತಿರೋದೇ ಬುಡಿ."

ಗೊತ್ತಿರಲಿಲ್ಲ. ಜೋರಾಗಿ ಇಟ್ಟ ಪಾತ್ರೆಗಳೆಲ್ಲ ಅವಳಿಗೆ ಒಟ್ಟಿಗೆ ಕೇಳಿಸಿದವು. ಡಿಸೆಂಬರಿನ ಮಂಜಿನಲ್ಲಿ ಸೆರಗನ್ನು ಕಿವಿಗೆ ಸುತ್ತಿಕೊಂಡು, ಎಪ್ಪತ್ತು ದಾಟಿದ ಹೆಂಗಸೊಬ್ಬಳು ಒದ್ದೆ ಮರಳಿನ ಮೇಲೆ ಕೂತು ಯಾವುದೋ ಬಸ್ಸಿನ ಹಾರನ್ನಿಗೆ ಕಿವಿಗೊಟ್ಟಿರುವುದು ಕಂಡಿತು. ಮನೆಗೆ ಬಂದಾಗ ಅವಳ ಪಾಲಿನ ಕಾಫಿ ಆರಿರುತ್ತಿತ್ತು. ಬಿಸಿ ಮಾಡಿಡಬಹುದಿತ್ತು ಎಂದು ಒಂದು ದಿನವೂ ತನಗೆ ಅನ್ನಿಸಿರಲಿಲ್ಲ.

ಕೆಂಚ ಎದ್ದು ಬಂದು ಅವಳ ಒದ್ದೆ ಸೀರೆಗೆ ಮೈ ಒರಗಿಸಿತು. ಅವಳು ಹಿಂದೆ ಸರಿಯಲಿಲ್ಲ. ಸರಿಯಬೇಕೆಂದು ಅನ್ನಿಸಿತು, ಆದರೂ ಸರಿಯಲಿಲ್ಲ. ಎರಡು ಬೆರಳಿನಿಂದ ಅದರ ಕಿವಿಯ ಹಿಂದೆ ಮುಟ್ಟಿದಳು. ಅಲ್ಲಿ ಬೆಚ್ಚಗಿತ್ತು. ಹನುಮಯ್ಯ ಅದನ್ನು ನೋಡದವನಂತೆ ಹೊಳೆಯ ಕಡೆ ಮುಖ ಮಾಡಿದ. ಅವಳು ಕೊಂಡಿ ಕಳಚಿ ಸರಪಳಿಯನ್ನು ಮಡಿಸಿ ಕೈಯಲ್ಲಿ ಹಿಡಿದುಕೊಂಡಳು. ಬರುವಾಗ ಕವಲಿನಲ್ಲಿ ನಾಯಿ ಮುಂದೆ ಈಜಿ, ದಡ ಮುಟ್ಟಿ, ಅವಳು ದಾಟಿ ಬರುವ ತನಕ ತಿರುಗಿ ನಿಂತಿತು.

ಮನೆಗೆ ಬಂದು, ಹಿತ್ತಲಲ್ಲಿ ಬಿಸಿನೀರು ಹಾಕಿ ಅದರ ಮೈ ತೊಳೆದು, ಕತ್ತಿನ ಗೆರೆಗೆ ಅರಿಸಿನ ಕಲಸಿದ ಕೊಬ್ಬರಿ ಎಣ್ಣೆ ಸವರಿದಳು. ಆಮೇಲೆ ಕೈ ಒರೆಸಿಕೊಳ್ಳದೆಯೇ ಅತ್ತೆಯ ಕೋಣೆಯ ಬಾಗಿಲಲ್ಲಿ ನಿಂತಳು. ಹೇಳುವ ಮಾತನ್ನು ದಾರಿಯಲ್ಲಿ ಕೂಡಿಸಿಕೊಂಡು ಬಂದಿದ್ದಳು.

"ಅತ್ತೆ, ನಿನ್ನೆ ನಾನು ಸುಳ್ಳು ಹೇಳಿದೆ. ಕೆಂಚನ್ನ ಬಿಚ್ಚಲಿಲ್ಲ. ರಾತ್ರಿಯೆಲ್ಲ ಕೊಟ್ಟಿಗೆಯಲ್ಲೇ ಇತ್ತು."

ದೊಡ್ಡಬಸಮ್ಮ ಸೂರು ನೋಡುತ್ತ ಮಲಗಿದ್ದಳು. "ಗೊತ್ತು ಕಣವ್ವ" ಅಂದಳು. "ಚೈನು ಎಳೀತಿದ್ದದ್ದು ಕಿಟಕೀಲಿ ಕೇಳ್ತಾನೇ ಇತ್ತು."

"ಮತ್ತೆ ಕರೀಲಿಲ್ಲವಲ್ಲ ನನ್ನ?"

"ಎಂಗ್ ಕರೀಲಿ? ತೆಂಗಿನ ಗರಿ ಬಂದು ತಂತಿ ಮ್ಯಾಲೆ ಬಿದ್ದು ಕಿಡಿ ಉದುರೇ ಕರೆಂಟ್ ಓಗಿದ್ದು, ತಂತಿ ಎಲ್ಲಿ ತುಂಡಾಗಿ ಬಿದ್ದದೋ ಏನೋ. ಆ ತಗಡು ಬ್ಯಾರೆ, ತಲೆ ಮ್ಯಾಲೆ ಬಿದ್ರೆ ಮುಗೀತು. ನೀನು ಚಿಲಕದ ಮ್ಯಾಲೆ ಕೈ ಇಟ್ಟಿದ್ದು ಸದ್ದಾಯ್ತು ನನಗೆ. ಎದ್ದು ಬರಕ್ಕಂತೂ ಆಗಲ್ಲ. ಓಗ್ಬ್ಯಾಡ ಅಂದ್ರೆ ನೀನು ನಿಲ್ಲೋಳಲ್ಲ, ಜನ ಏನಂದಾರು ಅಂತ ಓಗೇ ಓಯ್ತೀಯ. ಅದ್ಕೇ ಕೆಂಚ ಬಂತಾ ಅಂತ ಕೇಳ್ದೆ. ನೀನು ಬಂತು ಅಂದೆಯಲ್ಲ, ಅವಾಗ ನನ್ ಜೀವ ಬಂತು. ಇನ್ನ ಇವ್ಳು ಆಚೀಗ್ ಓಗಲ್ಲ ಅಂತ."

ಹೇಳುತ್ತ ಹೇಳುತ್ತ ಮುದುಕಿಯ ಕಣ್ಣಿನ ಮೂಲೆಯಿಂದ ನೀರು ಕಿವಿಯ ಕಡೆಗಿಳಿಯಿತು. "ಆದ್ರೂ ಅದು ಮೂಕಜೀವ. ನಾನು ಸಾಕ್ದೋಳು, ಮಲಗ್ಕಂಡು ಅದು ನರಳೋದ ಕೇಳ್ತಿದ್ದೆ. ನಿನಗಿಂತ ನಂದೇ ತಪ್ಪು ಜಾಸ್ತಿ."

ಯಶೋದಾ ಮಂಚದ ಅಂಚಿನಲ್ಲಿ ಕೂತಳು. ಬೈಗುಳಕ್ಕೆ ತಯಾರಾಗಿ ಬಂದವಳಿಗೆ ಇದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಗೋಡೆಯ ಈಚೆಗೊಬ್ಬಳು ಆಚೆಗೊಬ್ಬಳು ಒಬ್ಬರಿಗೊಬ್ಬರು ಹೇಳದೆ ತಮ್ಮ ತಮ್ಮ ಭಯವನ್ನು ಎಚ್ಚರದಿಂದ ಮುಚ್ಚಿಟ್ಟುಕೊಂಡಿದ್ದರು. ಇಬ್ಬರ ಭಯದ ನಡುವೆ ನೆನೆದದ್ದು ನಾಯಿಯೊಂದೇ. ಅದು ಯಾವ ಮಾತಿನಿಂದಲೂ ಸರಿಹೋಗುವುದಲ್ಲ ಎಂದು ಗೊತ್ತಿದ್ದೂ ಅವಳು ಅತ್ತೆಯ ಕೈಯನ್ನು ತನ್ನ ಎಣ್ಣೆಗೈಯಲ್ಲಿ ತೆಗೆದುಕೊಂಡಳು. ಮೂಳೆ ಮೂಳೆಯಾಗಿದ್ದ ಆ ಕೈಯನ್ನು ಎರಡು ತಿಂಗಳಿಂದ ದಿನವೂ ಒರೆಸಿದ್ದಾಳೆ. ಹೀಗೆ ಹಿಡಿದಿರಲಿಲ್ಲ.

"ಹನುಮಯ್ಯ ಸಿಕ್ಕಿದ್ದ" ಅಂದಳು. "ಎಲ್ಲ ಹೇಳಿದ."

"ಏನಂತ?"

"ಚಳಿಯಲ್ಲಿ ಕೂತಿರ್ತಿದ್ದಿರಂತೆ."

"ಅವ್ನಿಗೆ ಬಾಯಿ ನಿಲ್ಲಲ್ಲ" ಎಂದು ದೊಡ್ಡಬಸಮ್ಮ ಮುಖ ಆಚೆ ತಿರುಗಿಸಿದಳು. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.

ಫೋನು ಹೊಡೆದುಕೊಂಡಿತು. ಕುಮಾರಸ್ವಾಮಿ. ಮಾರ್ಟಳ್ಳಿಯ ಹತ್ತಿರ ಎಲ್ಲೋ ಕಂಬ ನಿಲ್ಲಿಸುತ್ತಿರಬೇಕು, ಹಿಂದೆ ಯಾರೋ ತಮಿಳಿನಲ್ಲಿ ಕೂಗುತ್ತಿದ್ದರು. ಅತ್ತೆ ಕೈ ಚಾಚಿದಳು. ಯಶೋದಾ ಸ್ಪೀಕರ್ ಒತ್ತಿ ಅವಳ ಎದೆಯ ಮೇಲೆ ಇಟ್ಟಳು.

"ಅವ್ವ, ರಾತ್ರಿ ಗಾಳಿ ಜೋರಂತಲ್ಲ. ಏನೂ ಆಗಿಲ್ಲ ತಾನೆ?"

"ಕೊಟ್ಟಿಗೆ ತಗಡು ಆರೋಗದೆ, ಬಾಳೆ ಬಿದ್ದೋಗದೆ. ಇನ್ನೇನಿಲ್ಲ ಕಣಪ್ಪ."

"ಕೊಟ್ಟಿಗೆದಾ? ಮತ್ತೆ ಕೆಂಚ?"

ಯಶೋದಾ ಉಸಿರು ಹಿಡಿದು ಫೋನಿನ ಕಡೆ ಬಾಗಿದಳು, ಹೇಳಲೆಂದೇ. ಮುದುಕಿ ಅವಳ ಕೈಯನ್ನು ಒಂದು ಸಲ ಒತ್ತಿ ತಡೆದಳು.

"ಅದ್ಕೇನಾಗದೆ" ಎಂದಳು, ದನಿ ಒಂದಿಷ್ಟೂ ಅಲುಗದೆ. "ಯಶೋದ ಮಳೆ ಬರಕ್ ಮುಂಚೇನೇ ಒಳೀಕ್ ಕರ್ಕೊಂಡಿದ್ಲು. ಜಗುಲಿ ಮ್ಯಾಲೆ ಸುಖವಾಗಿ ಮಲಗಿತ್ತು. ಗೊರಕೆ ಬ್ಯಾರೆ ಹೊಡೀತಿತ್ತು. ನೀ ನಿನ್ ಕೆಲ್ಸ ನೋಡ್ಕ, ತಂತಿತಾವ್ ಹುಷಾರು."

ಫೋನು ಆರಿತು. ಗೊರಕೆ ಎನ್ನುವುದನ್ನು ಸೇರಿಸುವ ಅಗತ್ಯ ಏನಿತ್ತು ಎಂದು ಯಶೋದಾ ಯೋಚಿಸಿದಳು. ಯೋಚಿಸಿದ್ದೇ ತಡ, ಹೊಟ್ಟೆಯ ಆಳದಿಂದ ನಗು ಎದ್ದಿತು. ತಡೆಯಲು ಸೆರಗನ್ನು ಬಾಯಿಗೆ ತುರುಕಿದಳು, ಆಗಲಿಲ್ಲ. ಅದು ನಗುವೋ ಅಳುವೋ ಎಂದು ತಲೆ ತಿರುಗಿಸಿ ನೋಡಿದ ದೊಡ್ಡಬಸಮ್ಮನ ಹೊಟ್ಟೆಯೂ ಕುಲುಕತೊಡಗಿತು.

"ಸುಮ್ಕಿರವ್ವ, ನಗಿಸ್ಬ್ಯಾಡ" ಎಂದಳು ಮುದುಕಿ, ಸೊಸೆಯ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡು. "ಸೊಂಟ ನೋಯ್ತದೆ."